ಆರು ವಾರ ಜೈಲಿನಲ್ಲಿಟ್ಟರೆ ಚಟ ಬಿಟ್ಟುಹೋಗುತ್ತದಾ?

ಇಂಗ್ಲೆಂಡಿನ ಯಾವುದೋ ಒಂದು ಊರು ಅಂದುಕೊಳ್ಳಿ. ಸೂಪರ್ ಮಾರ್ಕೆಟ್ಟಿನಿಂದ ಚೀಸ್, ಮಾಂಸ, ಕ್ರೀಮಿನ ಡಬ್ಬಿ ಬ್ಯಾಗಿಗೆ ಹಾಕಿಕೊಂಡು ಹೊರಟ ಹೆಂಗಸೊಬ್ಬಳು ಸಿಕ್ಕಿಬಿದ್ದಿದ್ದಾಳೆ. ಅವಳಿಗೆ ಬೇಕಿದ್ದದ್ದು ಚೀಸ್ ಅಲ್ಲ. ಅದನ್ನು ಅರ್ಧ ಬೆಲೆಗೆ ಮಾರಿ ಆ ದಿನದ ಹೆರಾಯಿನ್‌ಗೆ ದುಡ್ಡು ಹೊಂದಿಸಬೇಕಿತ್ತು. ಹಿಂದೆಯೂ ಹತ್ತಾರು ಸಲ ಸಿಕ್ಕಿಬಿದ್ದವಳು. ದಂಡ ಹಾಕಿ ನೋಡಿಯಾಗಿದೆ, ಎಚ್ಚರಿಕೆ ಕೊಟ್ಟು ನೋಡಿಯಾಗಿದೆ. ಈ ಸಲ ಮ್ಯಾಜಿಸ್ಟ್ರೇಟರು 12 ವಾರ ಜೈಲು ಅನ್ನುತ್ತಾರೆ. ಅಲ್ಲಿಯ ಪದ್ಧತಿಯಲ್ಲಿ ಇಂಥ ಚಿಕ್ಕ ಶಿಕ್ಷೆಯಲ್ಲಿ ಹೆಚ್ಚೆಂದರೆ ಅರ್ಧ ಭಾಗ ಮಾತ್ರ ಜೈಲಿನೊಳಗೆ. ಅಂದರೆ ಆರು ವಾರ.

ಈ ಆರು ವಾರದಲ್ಲಿ ಏನೇನಾಗುತ್ತದೆ ನೋಡಿ. ಬಾಡಿಗೆ ಕಟ್ಟುವವರಿಲ್ಲದೆ ಮನೆ ಕೈತಪ್ಪುತ್ತದೆ. ಮಕ್ಕಳಿದ್ದರೆ ಅಜ್ಜಿಯ ಮನೆಗೋ, ಸರ್ಕಾರದ ಸುಪರ್ದಿಗೋ ಹೋಗುತ್ತಾರೆ. ಹೊರಗೆ ನಡೆಯುತ್ತಿದ್ದ ಚಿಕಿತ್ಸೆ ಏನಾದರೂ ಇದ್ದರೆ ಅದು ಅರ್ಧಕ್ಕೆ ನಿಲ್ಲುತ್ತದೆ. ಜೈಲಿನ ವೈದ್ಯರು ಹೊಸದಾಗಿ ಶುರುಮಾಡಿದ ಔಷಧಿ ದೇಹಕ್ಕೆ ಒಗ್ಗುವಷ್ಟರಲ್ಲಿ ಬಿಡುಗಡೆಯ ದಿನ ಬಂದಿರುತ್ತದೆ. ಇದ್ದದ್ದನ್ನು ಕಳೆದುಕೊಳ್ಳುವುದಕ್ಕೆ ಆರು ವಾರ ಧಾರಾಳ ಸಾಕು. ಚಟ ಬಿಡಿಸುವುದಕ್ಕೆ ಏನೇನೂ ಸಾಲದು.

ಇಂಥ ಕಥೆ ಅಪರೂಪದ್ದೇನಲ್ಲ. ಇಂಗ್ಲೆಂಡ್ ಮತ್ತು ವೇಲ್ಸಿನ ಜೈಲುಗಳಲ್ಲಿ ಹೆಂಗಸರ ಪಾಲು ನೂರಕ್ಕೆ ಸುಮಾರು ನಾಲ್ಕು. ಜೈಲು ಶಿಕ್ಷೆಯಾದ ಹೆಂಗಸರಲ್ಲಿ ಅರ್ಧಕ್ಕಿಂತ ಜಾಸ್ತಿ ಮಂದಿಗೆ ಸಿಕ್ಕಿರುವುದು ಆರು ತಿಂಗಳಿಗಿಂತ ಕಡಿಮೆ ಅವಧಿ. ಅವರನ್ನು ಒಳಗೆ ಕಳಿಸುವ ಅಪರಾಧಗಳಲ್ಲಿ ಅಂಗಡಿ ಕಳ್ಳತನವೇ ಮುಂದಿದೆ. ಹಾಗಾದರೆ ಇವರನ್ನು ಜೈಲಿಗೆ ಕಳಿಸದೆ ಊರಲ್ಲೇ ಇಟ್ಟು ಚಿಕಿತ್ಸೆ ಕೊಡಬಾರದಾ? ಕೊಡಬಹುದು. ಅದಕ್ಕೆ ಕಾನೂನಿದೆ, ಕೇಂದ್ರಗಳಿವೆ, ಔಷಧಿಯೂ ಇದೆ. ಆದರೆ ಇವೆಲ್ಲ ಬೇರೆ ಬೇರೆ ಇಲಾಖೆಯ ಕೈಯಲ್ಲಿವೆ, ಆ ಇಲಾಖೆಗಳ ನಡುವೆ ದೊಡ್ಡ ಸಂದುಗಳಿವೆ. ಹೆಣ್ಣುಮಕ್ಕಳು ಬಿದ್ದುಹೋಗುವುದು ಆ ಸಂದುಗಳಲ್ಲೇ.

ಸಾವುಗಳು ಎಬ್ಬಿಸಿದ ಪ್ರಶ್ನೆ

ಈ ವಿಷಯ ಬ್ರಿಟನ್ನಿನಲ್ಲಿ ಚರ್ಚೆಗೆ ಬಂದದ್ದು ಯಾರೋ ಕೂತು ಯೋಚನೆ ಮಾಡಿದ್ದರಿಂದಲ್ಲ. ಜೈಲಿನಲ್ಲಿ ಹೆಂಗಸರು ಸತ್ತದ್ದರಿಂದ. ಸ್ಕಾಟ್ಲೆಂಡಿನ ಸ್ಟರ್ಲಿಂಗ್ ಹತ್ತಿರದ ಕಾರ್ನ್‌ಟನ್ ವೇಲ್ ಜೈಲಿನಲ್ಲಿ 1990ರ ದಶಕದ ನಡುವೆ 30 ತಿಂಗಳ ಅವಧಿಯಲ್ಲಿ ಏಳು ಹೆಂಗಸರು ಆತ್ಮಹತ್ಯೆ ಮಾಡಿಕೊಂಡರು. 1998ರಲ್ಲಿ ಬಂದ ಸರ್ಕಾರಿ ವರದಿ, ಇಂಥವರನ್ನು ಜೈಲಿನಿಂದ ಹೊರಗೇ ಇಡುವ ದಾರಿ ಹುಡುಕಿ ಎಂದಿತು. ಅದರ ಫಲವಾಗಿ 2003ರಲ್ಲಿ ಗ್ಲಾಸ್ಗೋದ ಬಾತ್ ಸ್ಟ್ರೀಟಿನ 218ನೇ ಕಟ್ಟಡದಲ್ಲಿ ಒಂದು ಕೇಂದ್ರ ಶುರುವಾಯಿತು. ಬಾಗಿಲಿನ ನಂಬರೇ ಅದರ ಹೆಸರಾಯಿತು. ಹಗಲಿನ ಕಾರ್ಯಕ್ರಮವೂ ಅಲ್ಲೇ, ಉಳಿದುಕೊಳ್ಳುವ ವ್ಯವಸ್ಥೆಯೂ ಅಲ್ಲೇ. ನಡೆಸಿದ್ದು ಟರ್ನಿಂಗ್ ಪಾಯಿಂಟ್ ಸ್ಕಾಟ್ಲೆಂಡ್ ಎಂಬ ಸ್ವಯಂಸೇವಾ ಸಂಸ್ಥೆ. ಹೆಂಗಸರಿಗೆ ಮಾತ್ರ ಪ್ರವೇಶ.

ಇಂಗ್ಲೆಂಡಿನಲ್ಲೂ ಹೀಗೇ ಆಯಿತು. ಚೆಷೈರಿನ ಸ್ಟೈಲ್ ಜೈಲಿನಲ್ಲಿ 2002ರ ಆಗಸ್ಟಿನಿಂದ ಒಂದು ವರ್ಷದೊಳಗೆ ಆರು ಹೆಂಗಸರು ಸತ್ತರು. ಆಮೇಲೆ ಸರ್ಕಾರ ಸಂಸತ್ತಿನ ಮೇಲ್ಮನೆಯ ಸದಸ್ಯೆ ಬ್ಯಾರನೆಸ್ ಜೀನ್ ಕಾರ್ಸ್ಟನ್ ಅವರಿಂದ ವರದಿ ಕೇಳಿತು. 2007ರ ಮಾರ್ಚಿನಲ್ಲಿ ಬಂದ ಆ ವರದಿಯಲ್ಲಿ 43 ಶಿಫಾರಸುಗಳಿದ್ದವು. ತಿರುಳು ಇಷ್ಟೇ: ಜನರಿಗೆ ನಿಜಕ್ಕೂ ಅಪಾಯ ತರುವ ಹೆಂಗಸರನ್ನು ಮಾತ್ರ ಜೈಲಿಗೆ ಕಳಿಸಿ, ಉಳಿದವರಿಗೆ ಊರೂರಲ್ಲಿ ಮಹಿಳಾ ಕೇಂದ್ರ ಮಾಡಿ. ಗ್ಲಾಸ್ಗೋದ 218, ಹ್ಯಾಲಿಫ್ಯಾಕ್ಸಿನ ಕಾಲ್ಡರ್‌ಡೇಲ್ ಕೇಂದ್ರ, ವೂಸ್ಟರಿನ ಆಶಾ ಕೇಂದ್ರ ಇವೆಲ್ಲ ಆಗಲೇ ಇದ್ದವು, ಕಾರ್ಸ್ಟನ್ ಅವುಗಳನ್ನೇ ಮಾದರಿಯಾಗಿ ತೋರಿಸಿದರು. ದೊಡ್ಡ ಮಹಿಳಾ ಜೈಲುಗಳನ್ನು ಹತ್ತು ವರ್ಷದಲ್ಲಿ ಮುಚ್ಚಿ, ಅವುಗಳ ಬದಲು ಅಲ್ಲಲ್ಲಿ ಚಿಕ್ಕ ಘಟಕಗಳನ್ನು ಮಾಡಿ ಎಂದೂ ಹೇಳಿದ್ದರು. ಅದು ಇಂಗ್ಲೆಂಡಿನಲ್ಲಿ ಆಗಲಿಲ್ಲ. ಸ್ಕಾಟ್ಲೆಂಡ್ ಮಾತ್ರ 2022ರಲ್ಲಿ ಡಂಡೀ ಮತ್ತು ಗ್ಲಾಸ್ಗೋಗಳಲ್ಲಿ ಅಂಥ ಎರಡು ಚಿಕ್ಕ ಘಟಕ ತೆರೆಯಿತು.

ಕೋರ್ಟಿನಿಂದ ಕ್ಲಿನಿಕ್ಕಿಗೆ ಹೋಗುವ ದಾರಿ

ಈಗ ನಮ್ಮ ಅಂಗಡಿ ಕಳ್ಳತನದ ಹೆಂಗಸಿಗೆ ಬೇರೆ ತೀರ್ಪು ಬಂತು ಅಂದುಕೊಳ್ಳೋಣ. ಇಂಗ್ಲೆಂಡ್ ಮತ್ತು ವೇಲ್ಸಿನಲ್ಲಿ ಜೈಲಿನ ಬದಲು ಸಮುದಾಯ ಆದೇಶ, ಅಂದರೆ ಊರಲ್ಲೇ ಇದ್ದು ಕೋರ್ಟಿನ ಷರತ್ತು ಪಾಲಿಸುವ ಶಿಕ್ಷೆ, ಕೊಡಬಹುದು. ಅದರೊಳಗೆ ಮಾದಕ ವಸ್ತು ಚಿಕಿತ್ಸೆಯ ಷರತ್ತನ್ನು ಸೇರಿಸಬಹುದು. ಇಂಥ ಆದೇಶ ಮೊದಲು ಬಂದದ್ದು 1998ರ ಕಾನೂನಿನಲ್ಲಿ. ಆಮೇಲೆ 2003ರ ಕಾನೂನು ಅದನ್ನು ಬದಲಿಸಿ 2005ರಿಂದ ಈಗಿನ ರೂಪಕ್ಕೆ ತಂದಿತು.

ನಡೆಯುವ ಕ್ರಮ ಹೀಗಿದೆ. ಕಳ್ಳತನದಂಥ ಕೇಸಿನಲ್ಲಿ ಪೊಲೀಸ್ ಠಾಣೆಯಲ್ಲೇ ಹೆರಾಯಿನ್, ಕೊಕೇನ್ ಇದೆಯಾ ಎಂದು ಪರೀಕ್ಷೆ ಮಾಡಬಹುದು. ಇದೆ ಎಂದಾದರೆ ಡ್ರಗ್ಸ್ ಚಿಕಿತ್ಸೆಯ ಕಾರ್ಯಕರ್ತರನ್ನು ನೋಡಲೇಬೇಕು ಎಂದು ಪೊಲೀಸರು ಹೇಳಬಹುದು. ಕೋರ್ಟಿನಲ್ಲಿ ಪ್ರೊಬೇಷನ್ ಅಧಿಕಾರಿ, ಅಂದರೆ ಜೈಲಿನ ಹೊರಗಿರುವ ಅಪರಾಧಿಗಳ ಮೇಲೆ ನಿಗಾ ಇಡುವವರು, ವರದಿ ಕೊಡುತ್ತಾರೆ: ಇವಳು ಏನು ತೆಗೆದುಕೊಳ್ಳುತ್ತಿದ್ದಾಳೆ, ಎಲ್ಲಿ ಇದ್ದಾಳೆ, ಚಿಕಿತ್ಸೆ ಕೊಡುವ ಜಾಗ ಯಾವುದು. ಆಕೆಗೆ ಒಪ್ಪಿಗೆ ಇದೆಯೇ ಎಂದು ಕೇಳುತ್ತಾರೆ. ಒಪ್ಪಿಗೆ ಇಲ್ಲದೆ ಈ ಷರತ್ತು ಹಾಕುವಂತಿಲ್ಲ. ಒಪ್ಪಿದರೆ ಅವಧಿ ನಿಗದಿಯಾಗುತ್ತದೆ, ಆಗಾಗ ಪರೀಕ್ಷೆ ಇರುತ್ತದೆ. ಅವಧಿ ಒಂದು ವರ್ಷ ಮೀರಿದರೆ ಕೋರ್ಟೇ ನಡುನಡುವೆ ಕರೆದು ಹೇಗಿದ್ದೀಯ ಎಂದು ವಿಚಾರಿಸಬೇಕು.

ಒಪ್ಪಿಗೆ ಅನ್ನುವ ಮಾತಿನ ಬಗ್ಗೆ ಸ್ವಲ್ಪ ನಿಲ್ಲಬೇಕು. ಒಂದು ಕಡೆ ಜೈಲು, ಇನ್ನೊಂದು ಕಡೆ ಕ್ಲಿನಿಕ್ ಇಟ್ಟು ಯಾವುದು ಬೇಕು ಅಂದರೆ ಯಾರು ತಾನೇ ಜೈಲು ಅನ್ನುತ್ತಾರೆ? ಇದು ಪೂರ್ತಿ ಸ್ವಂತ ಇಚ್ಛೆ ಅಲ್ಲ, ನಿಜ. ಆದರೆ ಕುಟುಂಬದ ಒತ್ತಾಯಕ್ಕೋ, ಕೆಲಸ ಹೋಗುವ ಭಯಕ್ಕೋ ಚಿಕಿತ್ಸೆಗೆ ಬರುವವರೂ ಪೂರ್ತಿ ಇಚ್ಛೆಯಿಂದ ಬಂದವರಲ್ಲ. ನನಗೆ ತೋರುವಂತೆ ಹೇಗೆ ಬಂದಳು ಅನ್ನುವುದಕ್ಕಿಂತ ಬಂದ ಮೇಲೆ ಏನು ಸಿಕ್ಕಿತು ಅನ್ನುವುದೇ ಮುಖ್ಯ.

ಇನ್ನೊಂದು ಸೂಕ್ಷ್ಮ ಇದೆ. ಚಟದ ಚಿಕಿತ್ಸೆಯಲ್ಲಿ ಮತ್ತೆ ಜಾರುವುದು ಸಾಮಾನ್ಯ. ವೈದ್ಯರು ಅದನ್ನು ಮೊದಲೇ ಲೆಕ್ಕಕ್ಕೆ ಹಿಡಿದಿರುತ್ತಾರೆ. ಕೋರ್ಟಿನ ಕಣ್ಣಿಗೆ ಅದು ಮಾತು ತಪ್ಪಿದ ಹಾಗೆ ಕಾಣುತ್ತದೆ. ಇವೆರಡನ್ನು ಹೊಂದಿಸಲು ಇಂಗ್ಲೆಂಡಿನಲ್ಲಿ ಒಂದು ಗೆರೆ ಎಳೆದಿದ್ದಾರೆ: ಪರೀಕ್ಷೆಗೆ ಬರದೆ ತಪ್ಪಿಸಿಕೊಂಡರೆ ಅದು ಆದೇಶದ ಉಲ್ಲಂಘನೆ, ಆದರೆ ಪರೀಕ್ಷೆಯಲ್ಲಿ ಡ್ರಗ್ಸ್ ಕಂಡುಬಂದರೆ ಅದೊಂದೇ ಕಾರಣಕ್ಕೆ ಉಲ್ಲಂಘನೆ ಅಲ್ಲ. ಬರುತ್ತಾ ಇರುವುದು ಮುಖ್ಯ. ಒಳ್ಳೆಯ ನಿಯಮ ಅಲ್ವಾ? ಆದರೆ ಬರುತ್ತಾ ಇರುವುದೇ ಹೆಂಗಸರಿಗೆ ಎಷ್ಟು ಕಷ್ಟ ಅನ್ನುವುದನ್ನು ಈ ನಿಯಮ ಬರೆದವರು ಅಷ್ಟಾಗಿ ಯೋಚಿಸಿದಂತಿಲ್ಲ.

ಗಂಡಸರಿಗೆ ಮಾಡಿದ ವ್ಯವಸ್ಥೆಯಲ್ಲಿ ಹೆಂಗಸರು

ಯಾವುದೇ ಊರಿನ ಡ್ರಗ್ಸ್ ಕ್ಲಿನಿಕ್ಕಿಗೆ ಹೋದರೂ ಗಂಡಸರೇ ಜಾಸ್ತಿ. ಗುಂಪು ಚರ್ಚೆಗೆ ಕೂತರೆ ಹತ್ತು ಗಂಡಸರ ನಡುವೆ ಒಬ್ಬಳೋ ಇಬ್ಬರೋ. ಅಲ್ಲಿ ಕೂತವರಲ್ಲಿ ಆಕೆಗೆ ಡ್ರಗ್ಸ್ ಮಾರುತ್ತಿದ್ದವನು ಇರಬಹುದು. ಹೊಡೆಯುತ್ತಿದ್ದ ಹಳೆಯ ಸಂಗಾತಿಯೂ ಇರಬಹುದು. 2018ರಲ್ಲಿ ಬ್ರಿಟಿಷ್ ಸರ್ಕಾರವೇ ಪ್ರಕಟಿಸಿದ ಮಹಿಳಾ ಅಪರಾಧಿಗಳ ಕಾರ್ಯನೀತಿಯ ಪ್ರಕಾರ, ಇಂಥ ಹೆಂಗಸರಲ್ಲಿ ನೂರಕ್ಕೆ ಸುಮಾರು 60 ಮಂದಿ ಮನೆಯೊಳಗಿನ ದೌರ್ಜನ್ಯ ಅನುಭವಿಸಿದವರು. ಮೈಮೇಲೆ ಆದದ್ದನ್ನು ಮರೆಯಲು ಡ್ರಗ್ಸ್ ಹಿಡಿದವಳು, ಗಂಡಸರ ಗುಂಪಿನ ಮುಂದೆ ಅದನ್ನೇ ಬಿಚ್ಚಿ ಹೇಳಬೇಕು ಅಂದರೆ ಬಾಯಿ ಬರುವುದಿಲ್ಲ. ಎರಡು ವಾರ ಬಂದು ಬಿಟ್ಟುಬಿಡುತ್ತಾಳೆ. ಕಡತದಲ್ಲಿ "ಸಹಕರಿಸಲಿಲ್ಲ" ಎಂದು ಬೀಳುತ್ತದೆ.

ಔಷಧಿ ಕೊಡುವ ರೀತಿಯಲ್ಲೂ ಇದೇ ಸಮಸ್ಯೆ. ಹೆರಾಯಿನ್ ಚಟಕ್ಕೆ ಮುಖ್ಯವಾಗಿ ಎರಡು ಔಷಧಿ ಇವೆ: ಮೆಥಡೋನ್ ಮತ್ತು ಬ್ಯುಪ್ರೆನಾರ್ಫಿನ್. ಇವು ಹೆರಾಯಿನ್ ಕೆಲಸ ಮಾಡುವ ಜಾಗಕ್ಕೇ ಹೋಗಿ ಕೂರುತ್ತವೆ, ಆದರೆ ನಿಧಾನವಾಗಿ, ತುಂಬಾ ಹೊತ್ತು. ಮೈ ನಡುಕ, ವಾಂತಿ, ನೋವು ಬರುವುದಿಲ್ಲ, ಅಮಲೂ ಏರುವುದಿಲ್ಲ. ದಿನ ನೆಟ್ಟಗೆ ಸಾಗುತ್ತದೆ. "ಒಂದು ಚಟ ಬಿಡಿಸಿ ಇನ್ನೊಂದು ಹಚ್ಚುತ್ತಾರೆ" ಅನ್ನುವ ಮಾತು ಅಲ್ಲೂ ಇದೆ, ಇಲ್ಲೂ ಇದೆ. ಆದರೆ ಈ ಔಷಧಿಯಲ್ಲಿರುವವರು ಸಾಯುವುದು ಕಡಿಮೆ ಅನ್ನುವುದು ದೇಶ ದೇಶಗಳಲ್ಲಿ ಮತ್ತೆ ಮತ್ತೆ ಕಂಡ ಸಂಗತಿ. ಗರ್ಭಿಣಿಯರಿಗಂತೂ ಥಟ್ಟನೆ ನಿಲ್ಲಿಸುವುದಕ್ಕಿಂತ ಇದನ್ನೇ ಕೊಡುವುದು ವೈದ್ಯರ ಪದ್ಧತಿ.

ತೊಂದರೆ ಇರುವುದು ಕೊಡುವ ಕಿಟಕಿಯಲ್ಲಿ. ಶುರುವಿನಲ್ಲಿ ಮೆಥಡೋನನ್ನು ದಿನಾ ಔಷಧಿ ಅಂಗಡಿಗೆ ಹೋಗಿ ಫಾರ್ಮಸಿಸ್ಟ್ ಎದುರಿಗೇ ಕುಡಿಯಬೇಕು. ಮಗುವನ್ನು ಶಾಲೆಗೆ ಬಿಟ್ಟು ಬರುವ ಹಾದಿಯಲ್ಲಿ, ನೆರೆಹೊರೆಯವರು ಕ್ಯೂನಲ್ಲಿ ನಿಂತಿರುವಾಗ. ಇದು ನಾಚಿಕೆಯ ಪ್ರಶ್ನೆ ಮಾತ್ರ ಅಲ್ಲ. ಹಿಂಬಾಲಿಸುವ ಗಂಡನಿಗೋ ಮಾಜಿ ಗೆಳೆಯನಿಗೋ ಆಕೆ ಪ್ರತಿದಿನ ಎಷ್ಟು ಹೊತ್ತಿಗೆ ಎಲ್ಲಿ ಸಿಗುತ್ತಾಳೆ ಎಂದು ಪಕ್ಕಾ ಗೊತ್ತಾಗುತ್ತದೆ. ವಾರಕ್ಕೊಮ್ಮೆ ಅಥವಾ ತಿಂಗಳಿಗೊಮ್ಮೆ ಹಾಕುವ ಬ್ಯುಪ್ರೆನಾರ್ಫಿನ್ ಇಂಜೆಕ್ಷನ್ ಬಂದ ಮೇಲೆ ಈ ತೊಂದರೆ ಕೆಲವರಿಗೆ ತಪ್ಪಿದೆ. 2020ರ ಕೋವಿಡ್ ಸಮಯದಲ್ಲಿ ವೇಲ್ಸ್ ಸರ್ಕಾರ ದುಡ್ಡು ಕೊಟ್ಟು ಇದನ್ನು ದೊಡ್ಡದಾಗಿ ಬಳಕೆಗೆ ತಂದಿತು. ಕ್ರ್ಯಾಕ್ ಎಂಬ ಸೇದುವ ಕೊಕೇನಿಗೆ ಮಾತ್ರ ಹೀಗೆ ಬದಲಿ ಔಷಧಿ ಇಲ್ಲ. ಅಲ್ಲಿ ಮಾತುಕತೆ, ಜೊತೆಗಾರರು, ದಿನಚರಿ, ಇವನ್ನೇ ನಂಬಬೇಕು.

ಎಲ್ಲಕ್ಕಿಂತ ದೊಡ್ಡ ಅಡ್ಡಿ ಮಕ್ಕಳು. ಅಂದರೆ, ಮಕ್ಕಳನ್ನು ಕಿತ್ತುಕೊಂಡುಬಿಡುತ್ತಾರೆ ಅನ್ನುವ ಭಯ. ನನಗೆ ಹೆರಾಯಿನ್ ಚಟ ಇದೆ ಎಂದು ತಾಯಿ ಕ್ಲಿನಿಕ್ಕಿನಲ್ಲಿ ಹೇಳಿದರೆ ಆ ಮಾತು ಮಕ್ಕಳ ರಕ್ಷಣಾ ಇಲಾಖೆಗೆ ಹೋಗಬಹುದು. ಹಾಗಾಗಿ ಹೇಳುವುದೇ ಇಲ್ಲ. ತೀರಾ ಕೈಮೀರಿ ಪೊಲೀಸರ ಕೈಗೆ ಸಿಕ್ಕ ಮೇಲೆಯೇ ವಿಷಯ ಹೊರಗೆ ಬರುತ್ತದೆ. ಇದಕ್ಕೆ ಒಂದು ಉತ್ತರ 2008ರಲ್ಲಿ ಲಂಡನ್ನಿನಲ್ಲಿ ಶುರುವಾಯಿತು. ನ್ಯಾಯಾಧೀಶ ನಿಕೋಲಸ್ ಕ್ರಿಕ್ಟನ್ ಅವರ ಮುಂದಾಳತ್ವದಲ್ಲಿ ನಡೆದ, ಚಟವಿರುವ ತಂದೆತಾಯಿಗಳಿಗಾಗಿಯೇ ಇರುವ ಕುಟುಂಬ ನ್ಯಾಯಾಲಯ. ಅದು ಶಿಕ್ಷೆ ಕೊಡುವ ಕೋರ್ಟಲ್ಲ, ಮಗು ಯಾರ ಹತ್ತಿರ ಇರಬೇಕು ಎಂದು ತೀರ್ಮಾನಿಸುವ ಕೋರ್ಟು. ಎರಡು ವಾರಕ್ಕೊಮ್ಮೆ ಅದೇ ನ್ಯಾಯಾಧೀಶರು, ವಕೀಲರಿಲ್ಲದೆ, ತಾಯಿಯ ಜೊತೆ ನೇರ ಮಾತಾಡುತ್ತಾರೆ. ಬ್ರೂನೆಲ್ ವಿಶ್ವವಿದ್ಯಾಲಯದವರು ಅಧ್ಯಯನ ಮಾಡಿದಾಗ, ಮಾಮೂಲಿ ಕೋರ್ಟಿಗೆ ಹೋದವರಿಗಿಂತ ಇಲ್ಲಿ ಚಟ ಬಿಟ್ಟು ಮಕ್ಕಳನ್ನು ವಾಪಸ್ ಪಡೆದ ತಾಯಂದಿರು ಜಾಸ್ತಿ ಇದ್ದರು.

ಒಂದೇ ಬಾಗಿಲು

ಕಾರ್ಸ್ಟನ್ ಮೆಚ್ಚಿದ ಮಹಿಳಾ ಕೇಂದ್ರಗಳು ಮಾಡಿದ್ದು ಮೇಲಿನ ಸಂದುಗಳನ್ನು ಮುಚ್ಚುವ ಕೆಲಸ. ಬರ್ಮಿಂಗ್‌ಹ್ಯಾಮಿನ ಅನಾವಿಮ್‌ನಂಥ ಕೇಂದ್ರದಲ್ಲಿ ಪ್ರೊಬೇಷನ್, ಡ್ರಗ್ಸ್ ಚಿಕಿತ್ಸೆ, ಮನೆ, ಸಾಲ, ದೌರ್ಜನ್ಯದ ದೂರು ಎಂದು ಆಕೆ ಆಫೀಸಿಂದ ಆಫೀಸಿಗೆ ಅಲೆಯಬೇಕಿಲ್ಲ. ಅವರೇ ಅಲ್ಲಿಗೆ ಬರುತ್ತಾರೆ, ಇಲ್ಲವೇ ಕೇಂದ್ರದವರೇ ಅವರ ಜೊತೆ ಮಾತಾಡಿಸುತ್ತಾರೆ. ಬಸ್ ಚಾರ್ಜಿಗೆ ದುಡ್ಡಿಲ್ಲದವಳಿಗೆ ವಾರಕ್ಕೆ ನಾಲ್ಕು ಕಡೆ ಹಾಜರಾಗು ಅನ್ನುವುದಕ್ಕೂ, ಒಂದು ಕಡೆ ಬಾ, ಊಟವೂ ಇದೆ ಅನ್ನುವುದಕ್ಕೂ ವ್ಯತ್ಯಾಸ ಎಷ್ಟು ಎಂದು ಬಿಡಿಸಿ ಹೇಳಬೇಕಿಲ್ಲ.

ನನಗೆ ಹಿಡಿಸಿದ ಒಂದು ಅಂಶವೆಂದರೆ ಕಾಲ್ಡರ್‌ಡೇಲ್, ಆಶಾದಂಥ ಕೇಂದ್ರಗಳಿಗೆ ಕೇಸಿಲ್ಲದ ಹೆಂಗಸರೂ ಬರುತ್ತಿದ್ದರು. ಕಂಪ್ಯೂಟರ್ ಕಲಿಯಲು, ವಿಚ್ಛೇದನದ ಸಲಹೆ ಕೇಳಲು, ಸುಮ್ನೆ ಯಾರ ಜೊತೆಗಾದರೂ ಟೀ ಕುಡಿಯಲು. ಹಾಗಾಗಿ ಕೋರ್ಟು ಕಳಿಸಿದವಳು ಯಾರು, ತಾನಾಗಿ ಬಂದವಳು ಯಾರು ಎಂದು ನೋಡಿದವರಿಗೆ ಗೊತ್ತಾಗುವುದಿಲ್ಲ. ಆದೇಶ ಮುಗಿದ ಮೇಲೂ ಬರುವುದಕ್ಕೆ ಮುಜುಗರ ಇಲ್ಲ.

ದುಡ್ಡಿನ ವಿಷಯಕ್ಕೆ ಬಂದರೆ ಇವು ಯಾವಾಗಲೂ ಪರದಾಡುತ್ತವೆ. ವರ್ಷ ವರ್ಷದ ಗುತ್ತಿಗೆ, ದಾನಿಗಳ ಅನುದಾನ. 2014ರಿಂದ ಪ್ರೊಬೇಷನ್ ಸೇವೆಯ ಒಂದು ದೊಡ್ಡ ಭಾಗವನ್ನು ಖಾಸಗಿ ಕಂಪನಿಗಳಿಗೆ ಕೊಟ್ಟಾಗ ಪರಿಸ್ಥಿತಿ ಇನ್ನಷ್ಟು ಕೆಟ್ಟಿತು. 2021ರಲ್ಲಿ ಅದನ್ನೆಲ್ಲ ಸರ್ಕಾರ ವಾಪಸ್ ತೆಗೆದುಕೊಂಡಿತು.

ಜೈಲಿನ ಗೇಟಿನಿಂದ ಮೊದಲ ಎರಡು ವಾರ

ಜೈಲಿಗೆ ಹೋದವರಿಗೂ ಕೊನೆಗೆ ಊರಿನ ಚಿಕಿತ್ಸೆಯೇ ಗತಿ. ಅಲ್ಲಿ ಅತಿ ಅಪಾಯದ ಹೊತ್ತು ಬಿಡುಗಡೆಯಾದ ಮೊದಲ ಎರಡು ವಾರ. ಒಳಗಿದ್ದಾಗ ದೇಹ ಹೆರಾಯಿನನ್ನು ತಾಳಿಕೊಳ್ಳುವ ಶಕ್ತಿ ಕಳೆದುಕೊಂಡಿರುತ್ತದೆ. ಹೊರಗೆ ಬಂದು ಹಿಂದಿನಷ್ಟೇ ತೆಗೆದುಕೊಂಡರೆ ಉಸಿರಾಟ ನಿಲ್ಲಬಹುದು. ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ಬಿಡುಗಡೆಯಾದ ಕೈದಿಗಳ ಮೇಲೆ ನಡೆದು 2007ರಲ್ಲಿ ಪ್ರಕಟವಾದ ಹೆಸರುವಾಸಿ ಅಧ್ಯಯನದ ಪ್ರಕಾರ, ಆ ಎರಡು ವಾರದಲ್ಲಿ ಡ್ರಗ್ಸ್ ಮಿತಿಮೀರಿ ಸಾಯುವ ಅಪಾಯ ಅಲ್ಲಿಯ ಉಳಿದ ಜನರಿಗಿಂತ 129 ಪಟ್ಟು. ಮೂಗಿಗೆ ಸಿಂಪಡಿಸುವ ಅಥವಾ ಚುಚ್ಚುವ ನಲಾಕ್ಸೋನ್ ಎಂಬ ಔಷಧಿ ನಿಂತ ಉಸಿರನ್ನು ವಾಪಸ್ ತರಬಲ್ಲದು. ಬಿಡುಗಡೆಯ ದಿನ ಅದನ್ನು ಕೈಗೆ ಕೊಟ್ಟು ಕಳಿಸುವ ಪದ್ಧತಿ ಬ್ರಿಟನ್ನಿನಲ್ಲಿ ಇದೆ. ಆದರೆ ಬಿದ್ದಾಗ ಅದನ್ನು ಹಾಕಲು ಪಕ್ಕದಲ್ಲಿ ಒಬ್ಬರಿರಬೇಕು. ಮನೆ ಕಳೆದುಕೊಂಡು ಒಬ್ಬಳೇ ಇರುವವಳಿಗೆ ಅದೂ ಇಲ್ಲ.

ಇಲ್ಲಿ ಚಿಕ್ಕಪುಟ್ಟ ವಿಷಯಗಳೇ ಪ್ರಾಣಕ್ಕೆ ಬರುತ್ತವೆ. ಶುಕ್ರವಾರ ಸಂಜೆ ಬಿಟ್ಟರೆ ಕ್ಲಿನಿಕ್, ಮನೆ ಹಂಚುವ ಆಫೀಸು ಎಲ್ಲ ಸೋಮವಾರವೇ ತೆರೆಯುವುದು. ಬಿಡುವಾಗ ಜೈಲಿನವರು ಕೈಗೆ ಕೊಡುತ್ತಿದ್ದದ್ದು ಬಹಳ ವರ್ಷ 46 ಪೌಂಡ್ ಮಾತ್ರ. 2021ರಲ್ಲಿ ಅದನ್ನು 76 ಪೌಂಡಿಗೆ ಏರಿಸಿದರು. 2023ರಲ್ಲಿ ಒಂದು ಕಾನೂನೇ ಬಂತು: ಶುಕ್ರವಾರ ಬಿಡಬೇಕಾದವರನ್ನು ಒಂದೆರಡು ದಿನ ಮೊದಲೇ ಬಿಡಬಹುದು ಎಂದು. ವಾರದ ಒಂದು ದಿನಕ್ಕಾಗಿ ಸಂಸತ್ತಿನಲ್ಲಿ ಕಾನೂನು ಮಾಡಬೇಕಾಯಿತು ನೋಡಿ.

ವೈದ್ಯೆ ಡೇಮ್ ಕ್ಯಾರಲ್ ಬ್ಲ್ಯಾಕ್ ಸರ್ಕಾರಕ್ಕೆ ಕೊಟ್ಟ ಡ್ರಗ್ಸ್ ವರದಿಯಲ್ಲಿ, ಜೈಲಿನಿಂದ ಊರಿನ ಚಿಕಿತ್ಸೆಗೆ ಬರೆದು ಕಳಿಸಿದವರಲ್ಲಿ ಮೂರನೇ ಒಂದು ಭಾಗದಷ್ಟು ಜನ ಮಾತ್ರ ಮೂರು ವಾರದೊಳಗೆ ಅಲ್ಲಿಗೆ ತಲುಪುತ್ತಿದ್ದಾರೆ ಎಂದಿತ್ತು. ಅದರ ಬೆನ್ನಿಗೇ 2021ರ ಡಿಸೆಂಬರಿನಲ್ಲಿ ಬಂದ ಸರ್ಕಾರದ ಯೋಜನೆ ಚಿಕಿತ್ಸೆಗೆ ಮೂರು ವರ್ಷಕ್ಕೆ 78 ಕೋಟಿ ಪೌಂಡ್ ಹೆಚ್ಚುವರಿ ಕೊಟ್ಟಿತು.

ಸಹಾಯವೇ ಮತ್ತೆ ಜೈಲಿಗೆ ಎಳೆದದ್ದೂ ಇದೆ. ಚಿಕ್ಕ ಶಿಕ್ಷೆ ಮುಗಿಸಿದವರಿಗೆ ಮೊದಲು ಯಾವ ನಿಗಾವೂ ಇರಲಿಲ್ಲ, ಯಾರೂ ಕೇಳುವವರಿರಲಿಲ್ಲ. 2014ರ ಕಾನೂನು ಅಂಥವರಿಗೂ ಒಂದು ವರ್ಷ ಪ್ರೊಬೇಷನ್ ನಿಗಾ ತಂದಿತು. ಉದ್ದೇಶ ಒಳ್ಳೆಯದೇ. ಆದರೆ ಭೇಟಿ ತಪ್ಪಿಸಿದರೆ ಮತ್ತೆ ಜೈಲು ಎಂಬ ಷರತ್ತು ಅದರ ಜೊತೆಗಿತ್ತು. ಮನೆಯಿಲ್ಲದ, ಫೋನಿಲ್ಲದ ಹೆಂಗಸರು ಭೇಟಿ ತಪ್ಪಿಸಿದರು, ಎರಡು ವಾರಕ್ಕೆ ವಾಪಸ್ ಒಳಗೆ ಹೋದರು. ಮತ್ತೆ ಚಿಕಿತ್ಸೆ ಅರ್ಧಕ್ಕೆ ನಿಂತಿತು. ಹೀಗೆ ವಾಪಸ್ ಹೋದ ಹೆಂಗಸರ ಸಂಖ್ಯೆ ಆ ಕಾನೂನಿನ ನಂತರ ಬಹಳ ಏರಿತು.

2023ರ ಜೂನಿನಲ್ಲಿ ಬರ್ಮಿಂಗ್‌ಹ್ಯಾಮಿನಲ್ಲಿ ಹೆಂಗಸರಿಗಾಗಿಯೇ ವಿಶೇಷ ಕೋರ್ಟೊಂದನ್ನು ಪ್ರಯೋಗಕ್ಕೆ ತಂದಿದ್ದಾರೆ. ಒಬ್ಬರೇ ನ್ಯಾಯಾಧೀಶರು ಆಕೆಯನ್ನು ಆಗಾಗ ಕರೆದು ಮಾತಾಡುತ್ತಾರೆ, ಮುಂದುವರಿದರೆ ಮೆಚ್ಚುತ್ತಾರೆ. ತಪ್ಪಿದರೆ 28 ದಿನದವರೆಗೆ ಜೈಲಿಗೆ ಕಳಿಸುವ ಅಧಿಕಾರವೂ ಅವರಿಗಿದೆ. ಮೆಚ್ಚುವ ಭಾಗ ಕೆಲಸ ಮಾಡುತ್ತದೆ ಎಂದು ನಂಬುತ್ತೇನೆ. 28 ದಿನದ ಭಾಗ ನನಗೆ ಅರ್ಥವಾಗುವುದಿಲ್ಲ. ಆರು ವಾರದಲ್ಲಿ ಆಗದ್ದು ನಾಲ್ಕು ವಾರದಲ್ಲಿ ಹೇಗಾಗುತ್ತದೆ? ಸ್ಕಾಟ್ಲೆಂಡ್ 2019ರಿಂದ ಒಂದು ವರ್ಷ ಅಥವಾ ಅದಕ್ಕಿಂತ ಕಡಿಮೆ ಜೈಲು ಕೊಡುವ ಮೊದಲು ಬೇರೆ ದಾರಿ ಯಾವುದೂ ಸರಿಹೋಗದು ಎಂದು ಕೋರ್ಟಿಗೆ ಖಾತ್ರಿಯಾಗಬೇಕು ಎಂದಿದೆ. ಮಾಜಿ ನ್ಯಾಯ ಮಂತ್ರಿ ಡೇವಿಡ್ ಗಾಕ್ ಅವರ ಶಿಕ್ಷಾ ಪರಿಶೀಲನಾ ವರದಿ 2025ರ ಮೇ ತಿಂಗಳಲ್ಲಿ ಇಂಗ್ಲೆಂಡಿಗೂ ಚಿಕ್ಕ ಶಿಕ್ಷೆಗಳನ್ನು ಆದಷ್ಟು ತಪ್ಪಿಸುವ ಸಲಹೆ ಕೊಟ್ಟಿತು.

ನಮ್ಮ ಕಾನೂನಿನಲ್ಲಿ

ಹೆಂಗಸರಿಗಾಗಿಯೇ, ಅವರು ಪಟ್ಟ ಪಾಡನ್ನು ಅರಿತು ಕೊಡುವ ಚಿಕಿತ್ಸೆ ಊರಲ್ಲೇ ಸಿಗಬೇಕು ಎಂದು ಮಹಿಳಾ ಕೈದಿಗಳ ಬಗ್ಗೆ ವಿಶ್ವಸಂಸ್ಥೆ 2010ರಲ್ಲಿ ಒಪ್ಪಿದ ಬ್ಯಾಂಕಾಕ್ ನಿಯಮಗಳ 62ನೇ ನಿಯಮ ಹೇಳುತ್ತದೆ. ಅದು ಭಾರತವನ್ನೂ ಉದ್ದೇಶಿಸಿ ಬರೆದದ್ದೇ. ಮಾದಕ ವಸ್ತುಗಳ ಬಗೆಗಿನ ನಮ್ಮ 1985ರ ಎನ್‌ಡಿಪಿಎಸ್ ಕಾಯ್ದೆಯಲ್ಲೂ ಎರಡು ಬಾಗಿಲು ಇವೆ, ಗಂಡಸರಿಗೂ ಹೆಂಗಸರಿಗೂ ಒಂದೇ. 39ನೇ ಸೆಕ್ಷನ್ ಪ್ರಕಾರ, ಸೇವನೆ ಅಥವಾ ಅಲ್ಪ ಪ್ರಮಾಣದ ಮಾದಕ ವಸ್ತುವಿನ ಕೇಸಿನಲ್ಲಿ ತಪ್ಪಿತಸ್ಥರಾದ ವ್ಯಸನಿಗಳನ್ನು ಅವರ ಒಪ್ಪಿಗೆ ಪಡೆದು, ಶಿಕ್ಷೆಯ ಬದಲು ಚಿಕಿತ್ಸೆಗೆ ಬಿಡಬಹುದು. 64ಎ ಇನ್ನೂ ಮುಂದೆ ಹೋಗುತ್ತದೆ: ಅಂಥದ್ದೇ ಕೇಸಿನಲ್ಲಿ ಆರೋಪ ಹೊತ್ತ ವ್ಯಸನಿ ತಾನಾಗಿ ಸರ್ಕಾರಿ ಆಸ್ಪತ್ರೆಗೋ ಮಾನ್ಯತೆ ಪಡೆದ ಕೇಂದ್ರಕ್ಕೋ ಚಿಕಿತ್ಸೆಗೆ ಸೇರಿದರೆ ಮೊಕದ್ದಮೆಯಿಂದಲೇ ರಕ್ಷಣೆ ಸಿಗುತ್ತದೆ. ಚಿಕಿತ್ಸೆ ಪೂರ್ತಿ ಮಾಡದಿದ್ದರೆ ಆ ರಕ್ಷಣೆಯನ್ನು ಹಿಂದಕ್ಕೆ ಪಡೆಯಬಹುದು.

ಈ ಸೆಕ್ಷನ್‌ಗಳನ್ನು ಕೋರ್ಟಿನ ಮುಂದೆ ಎತ್ತಲು ವಕೀಲರು ಬೇಕು. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಡಿ ಹೆಂಗಸರಿಗೆ, ವರಮಾನ ಎಷ್ಟೇ ಇರಲಿ, ಉಚಿತ ವಕೀಲರನ್ನು ಪಡೆಯುವ ಹಕ್ಕಿದೆ. ಅದಕ್ಕೆ 15100ಕ್ಕೆ ಕರೆ ಮಾಡಬಹುದು. ಚಿಕಿತ್ಸೆ ಎಲ್ಲಿ ಸಿಗುತ್ತದೆ ಎಂದು ತಿಳಿಯಲು ಕೇಂದ್ರ ಸರ್ಕಾರದ ಸಹಾಯವಾಣಿ 14446.